ಸಂಖ್ಯಾಶಾಸ್ತ್ರ: ಫಲಕದ ಮೇಲಿನದು, ಪಠ್ಯದೊಳಗಿನದು

ವಿಜಯಪುರದ ಬಸ್ ನಿಲ್ದಾಣದ ಬಳಿ ಮತ್ತೊಂದು ಫಲಕ ಎದ್ದಿದೆ: 'ಸಂಖ್ಯಾಶಾಸ್ತ್ರ ತಜ್ಞರು. ಹೆಸರು ತಿದ್ದುಪಡಿ, ಗಾಡಿ ನಂಬರ್.' ಮಗಳನ್ನು ಪಿಯುಸಿಗೆ ಸೇರಿಸಲು ಬಂದಿದ್ದ ಇಂಡಿ ಕಡೆಯ ರೈತರೊಬ್ಬರು ವಿಷಯಗಳ ಪಟ್ಟಿಯಲ್ಲಿ ಇದೇ ಪದ ಕಂಡು, "ಭವಿಷ್ಯಾ ಹೇಳೂದ ಕಲಿಯಾಕ ಕಾಲೇಜ್ ಯಾಕ ಬೇಕ್ರೀ?" ಎಂದು ನನ್ನನ್ನು ಕೇಳಿದ್ದುಂಟು. ಕಾಲೇಜಿನದು ಅಂಕಿಅಂಶ ಕೂಡಿಸಿ ಲೆಕ್ಕ ಹಾಕುವ ಸ್ಟಾಟಿಸ್ಟಿಕ್ಸ್, ಫಲಕದ್ದು ಅಂಕಿಯಿಂದ ಭವಿಷ್ಯ ಹೇಳುವ ವ್ಯಾಪಾರ. ತಪ್ಪು ಅವರದಲ್ಲ, ಒಂದೇ ಹೆಸರಿನಲ್ಲಿ ಎರಡು ಅಂಗಡಿ ತೆರೆದವರದು.

ಸಂಸ್ಕೃತದ 'ಖ್ಯಾ' ಧಾತುವಿಗೆ ಹೇಳು, ತಿಳಿಸು ಎಂಬ ಅರ್ಥವಿದೆ. ಖ್ಯಾತಿ, ಆಖ್ಯಾನ, ವ್ಯಾಖ್ಯಾನಗಳೆಲ್ಲ ಅದೇ ಬಳ್ಳಿಯ ಕಾಯಿಗಳು. 'ಸಂ' ಸೇರಿದಾಗ ಅದು ಕೂಡಿಸಿ ಹೇಳು, ಎಣಿಸು ಎಂದಾಗುತ್ತದೆ. ಬಿಡಿ ಅಂಕಿಯೊಂದಕ್ಕೆ ಗುಣ, ಗ್ರಹ, ಬಣ್ಣ ಹಚ್ಚುವ ಕೆಲಸ ಈ ಪದದ ಹುಟ್ಟಿನಲ್ಲಿಯೇ ಇಲ್ಲ. ಯುರೋಪಿನ ಹೆಸರು ಇಷ್ಟು ನೇರವಾದದ್ದಲ್ಲ: 1749ರಲ್ಲಿ ಜರ್ಮನಿಯ ಆಖೆನ್‌ವಾಲ್ ಬಳಸಿದ 'ಸ್ಟಾಟಿಸ್ಟಿಕ್' ರಾಜ್ಯದ ಸ್ಥಿತಿಗತಿಯ ವರ್ಣನೆಯಾಗಿತ್ತು, ಅದರಲ್ಲಿ ಅಂಕಿಗಳೇ ಕಡಿಮೆ. ಲಂಡನ್ನಿನ ಸಾವಿನ ಪಟ್ಟಿಗಳನ್ನು ಕೂಡಿಸಿ 1662ರಲ್ಲಿ ಪುಸ್ತಕ ಬರೆದ ಜಾನ್ ಗ್ರಾಂಟ್‌ನ ಕೆಲಸಕ್ಕೆ ನಮ್ಮ ಪದವೇ ಹೆಚ್ಚು ಒಪ್ಪುತ್ತದೆ. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರು 1933ರಲ್ಲಿ ಕಲ್ಕತ್ತೆಯಿಂದ ಹೊರಡಿಸಿದ ಸಂಶೋಧನ ಪತ್ರಿಕೆಗೆ 'ಸಂಖ್ಯಾ' ಎಂದೇ ಹೆಸರಿಟ್ಟರು. ಸರ್ಕಾರ ಮಾತ್ರ 'ಸಾಂಖ್ಯಿಕ' ಎಂದು ಬರೆದು ಪಾರಾಗಿದೆ. ಆ ಪದ ಕಚೇರಿಯ ಹೊಸ್ತಿಲು ದಾಟಿದ್ದನ್ನು ನಾನು ಕಂಡಿಲ್ಲ.

ಎರಡರ ಅಂತರ ನೋಡಬೇಕಾದವರು ಬಿಳಿಜೋಳದ ಬೆಳೆ ಕಟಾವು ಪ್ರಯೋಗಕ್ಕೆ ಹೋಗಬೇಕು; ಹೊಲದ ಒಂದು ತುಂಡನ್ನಷ್ಟೇ ಕೊಯ್ದು ತೂಗಿ ಇಳುವರಿ ಅಂದಾಜು ಮಾಡುವ ಕ್ರಮವದು. ಹೊಲದಲ್ಲಿ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕವನ್ನು ಎಲ್ಲಿ ಹಾಕಬೇಕೆಂದು ಯಾದೃಚ್ಛಿಕ ಸಂಖ್ಯೆ, ಅಂದರೆ ಯಾರೂ ಆರಿಸದೆ ಚೀಟಿ ಎತ್ತಿದಂತೆ ಬಂದ ಸಂಖ್ಯೆ, ಹೇಳುತ್ತದೆ. ಇಳುವರಿ ಕಡಿಮೆ ಬಂದರೆ ಸಿಗುವ ಬೆಳೆ ವಿಮೆಯ ಆಸೆಗೆ ತೆನೆ ಸೊರಗಿದ ಮೂಲೆಯನ್ನು ತೋರಿಸಿ "ಇಲ್ಲೇ ಹಗ್ಗಾ ಹಿಡೀರಿ" ಎಂದರೆ ನಡೆಯುವುದಿಲ್ಲ. ಆ ಸಂಖ್ಯೆಗೆ ಯಾರ ಮೇಲೂ ಮಮತೆಯಿಲ್ಲದ್ದರಿಂದಲೇ ಅದು ಕೆಲಸಕ್ಕೆ ಬರುತ್ತದೆ. ಅದೃಷ್ಟ ಸಂಖ್ಯೆಯ ವ್ಯಾಪಾರ ನಿಂತಿರುವುದೇ ಮಮತೆಯ ಮೇಲೆ. ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರಿಗೆ, ಎಂಟನೆಯ ಮಗುವೆಂಬ ಕಾರಣಕ್ಕೆ ಕೃಷ್ಣನ ಹೆಸರಿಟ್ಟರಂತೆ; ಅಂದಾಜಿನ ನಿಖರತೆಗೆ ಮಿತಿ ಹೇಳುವ 1945ರ ಅವರ ಪ್ರಮೇಯಕ್ಕೂ ಆ ಎಂಟಕ್ಕೂ ಸಂಬಂಧ ಹುಡುಕುವವರು ಇನ್ನೂ ಹುಟ್ಟಿಲ್ಲವೆಂಬುದೇ ಸಮಾಧಾನ.

ರಾಶಿಗಟ್ಟಲೆ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಜಾಲಾಡುವ ಡೇಟಾ ಸೈನ್ಸ್ ಈಗ ಬಂದಿರುವಾಗ ಹಳೆಯ ಶಾಸ್ತ್ರವೇಕೆ ಎನ್ನುವವರೂ ಇದ್ದಾರೆ. ಎಪಿಎಂಸಿಗೆ ಜೋಳ ತಂದ 10,000 ರೈತರನ್ನು ಕೇಳಿ ಇಳುವರಿ ಲೆಕ್ಕ ಹಾಕಿದರೂ, ಮಾರಲು ಏನೂ ಉಳಿಯದೆ ಮನೆಯಲ್ಲಿ ಕುಳಿತವನು ಆ ಲೆಕ್ಕದಲ್ಲಿ ಇರುವುದಿಲ್ಲ. ಕಂಪ್ಯೂಟರಿನ ವೇಗದಿಂದ ಈ ಕೊರತೆ ತುಂಬುವುದಿಲ್ಲವಾದ್ದರಿಂದ, ಮಾದರಿಯನ್ನು, ಅಂದರೆ ಎಲ್ಲರ ಪರವಾಗಿ ಯಾರನ್ನು ಕೇಳಬೇಕೆಂಬುದನ್ನು, ಆರಿಸುವ ವಿದ್ಯೆಗೆ ಮುಂದೆಯೂ ಕೆಲಸವಿದೆ. ಫಲಕದವರು 'ಅಂಕಜ್ಯೋತಿಷ್ಯ' ಎಂದು ಬರೆಸಿಕೊಳ್ಳಲಿ; ಅಕ್ಷರವೂ ಒಂದು ಕಡಿಮೆಯಾಗುವುದಿಲ್ಲ, ಗಿರಾಕಿಯೂ.