ಸ್ಟಾರ್ಟ್ ಮಾಡಿದೊಡನೆ ನೀಲಿ ಹೊಗೆ: ಹಳೆಯ ಪೋರ್ಷೆ 911 ಕೊಳ್ಳಬಹುದೇ?

ಪ್ರಶ್ನೆ: ಐದು ವರ್ಷಗಳಿಂದ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಕೆಲಸದಲ್ಲಿದ್ದೇನೆ. ಮೊನ್ನೆ 2006ರ ಪೋರ್ಷೆ 911 ಕರೇರಾ ಒಂದನ್ನು ನೋಡಿ ಬಂದೆ. ಓಡಿಸಲು ಸೊಗಸಾಗಿದೆ, ಸರ್ವಿಸ್ ದಾಖಲೆಗಳೂ ಇವೆ. ಆದರೆ ಕೀ ತಿರುಗಿಸಿದೊಡನೆ ಹಿಂದಿನಿಂದ ಬುಸ್ಸೆಂದು ನೀಲಿ ಹೊಗೆ ಎದ್ದಿತು. ಹತ್ತು ಹದಿನೈದು ಸೆಕೆಂಡಿನಲ್ಲಿ ನಿಂತೂ ಹೋಯಿತು. "ಈ ಇಂಜಿನ್ ಇರುವುದೇ ಹೀಗೆ" ಎನ್ನುತ್ತಾರೆ ಮಾರುವವರು. ಊರಿನಲ್ಲಿ ಗ್ಯಾರೇಜ್ ಇಟ್ಟಿರುವ ಚಿಕ್ಕಪ್ಪನಿಗೆ ಫೋನ್ ಮಾಡಿದರೆ "ನೀಲಿ ಹೊಗೆ ಬಂತೆಂದರೆ ಇಂಜಿನ್ ಕೆಲಸಕ್ಕೆ ಬಂದಿದೆ, ಮುಟ್ಟಬೇಡ" ಎಂದರು. ಯಾರ ಮಾತು ನಂಬಲಿ?

ಉತ್ತರ: ನಿಮ್ಮ ಚಿಕ್ಕಪ್ಪ ಹೇಳಿದ್ದು ಅವರ ಕೈಯಲ್ಲಿ ದಿನವೂ ಬಿಚ್ಚಿ ಜೋಡಿಸುವ ಇಂಜಿನ್‌ಗಳಿಗೆ ನೂರಕ್ಕೆ ನೂರು ಸರಿ. ಅವುಗಳಲ್ಲಿ ಸಿಲಿಂಡರ್‌ಗಳು ನೆಟ್ಟಗೆ ನಿಂತಿರುತ್ತವೆ. ಇಂಜಿನ್ ಆರಿಸಿದ ಮೇಲೆ ಆಯಿಲ್ ತನ್ನ ಭಾರಕ್ಕೆ ತಾನೇ ಕೆಳಗಿನ ಸಂಪ್ ಎಂಬ ಆಯಿಲ್ ತೊಟ್ಟಿಗೆ ಇಳಿದುಬಿಡುತ್ತದೆ. ಆದರೂ ಬೆಳಿಗ್ಗೆ ನೀಲಿ ಹೊಗೆ ಬಂದರೆ, ವಾಲ್ವ್ ಸೀಲ್ ಸವೆದು ರಾತ್ರಿಯಿಡೀ ಆಯಿಲ್ ಮೇಲಿನಿಂದ ತೊಟ್ಟಿಕ್ಕಿದೆ ಎಂದು ಅನುಮಾನಿಸಬೇಕು. ಗಾಡಿ ಎಳೆಯುವಾಗಲೂ ಹೊಗೆ ನಿಲ್ಲದಿದ್ದರೆ ಪಿಸ್ಟನ್ ಸುತ್ತಲಿನ ರಿಂಗ್ ಅಥವಾ ಬೋರ್, ಅಂದರೆ ಸಿಲಿಂಡರಿನ ಒಳಗೋಡೆ, ಹೋಗಿರಬಹುದು.

911ರ ಇಂಜಿನ್ ನಿಂತಿಲ್ಲ, ಮಲಗಿದೆ. 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಾಗಿನಿಂದಲೂ ಅದರ ಆರು ಸಿಲಿಂಡರ್‌ಗಳು ಎಡಕ್ಕೆ ಮೂರು, ಬಲಕ್ಕೆ ಮೂರು ಎಂಬಂತೆ ಅಡ್ಡಡ್ಡ ಮಲಗಿವೆ. ಚೆನ್ನಾಗಿರುವ ಇಂಜಿನ್‌ನಲ್ಲಿಯೂ ಸಿಲಿಂಡರ್ ಗೋಡೆಗೆ ಆಯಿಲ್ ಪದರ ಅಂಟಿಕೊಂಡೇ ಇರುತ್ತದೆ, ಇರಲೇಬೇಕು. ಕಾರು ನಿಂತಾಗ ಅದು ಸಿಲಿಂಡರಿನ ಕೆಳಮೈಯಲ್ಲಿ ಕೂಡಿಕೊಂಡು ರಿಂಗ್‌ಗಳ ಸಂದಿನಿಂದ ಮೆಲ್ಲಗೆ ಒಳಗೆ ಜಿನುಗುತ್ತದೆ. ಮರುದಿನದ ಮೊದಲ ಕಿಡಿಗೆ ಅಷ್ಟು ಆಯಿಲ್ ಸುಟ್ಟು ನೀಲಿಯಾಗಿ ಹೊರಬರುತ್ತದೆ. ಯಾವ ಪಿಸ್ಟನ್ ಎಲ್ಲಿ ನಿಂತಿತ್ತು, ಕಾರು ಯಾವ ಕಡೆಗೆ ವಾಲಿತ್ತು ಎಂಬುದರ ಮೇಲೆ ಒಂದು ದಿನ ಹೊಗೆ ಬಂದು ಇನ್ನೊಂದು ದಿನ ಬಾರದೆಯೂ ಇರಬಹುದು. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ, ಶೆಡ್ಡಿನಿಂದ ನಾಲ್ಕು ಮಾರು ಹೊರತಂದು ಹಾಗೆಯೇ ಆರಿಸಿದರಂತೂ ಮುಂದಿನ ಸ್ಟಾರ್ಟಿಗೆ ಹೊಗೆ ಬರುವುದು ಹೆಚ್ಚು. ಮಾರಲು ಇಟ್ಟ ಕಾರುಗಳಿಗೆ ಇದೇ ಪಾಡು: ಫೋಟೋ ತೆಗೆಯಲು ಒಮ್ಮೆ, ತೊಳೆಯಲು ಒಮ್ಮೆ, ಯಾರಿಗೋ ತೋರಿಸಲು ಒಮ್ಮೆ ಅದನ್ನು ಹಿಂದೆ ಮುಂದೆ ಸರಿಸುತ್ತಿರುತ್ತಾರೆ.

ಆದ್ದರಿಂದ ಹತ್ತು ಹದಿನೈದು ಸೆಕೆಂಡಿನ ಆ ಹೊಗೆಯೊಂದನ್ನೇ ಹಿಡಿದುಕೊಂಡು ಈ ಕಾರನ್ನು ಬಿಡಬೇಡಿ. ಹಾಗೆಂದು ಮಾರುವವರ ಮಾತನ್ನು ಅಲ್ಲಿಗೇ ಒಪ್ಪಿಕೊಳ್ಳಲೂಬೇಡಿ. "ಇದು ಹೀಗೇ" ಎಂಬ ಮಾತಿನ ಹಿಂದೆ ಕೆಟ್ಟ ಇಂಜಿನ್ ಕೂಡ ಅಡಗಿಕೊಳ್ಳಬಹುದು. ನನಗೆ ನಿಜವಾದ ಆತಂಕ ಇರುವುದು ಅಲ್ಲಿ.

ಹೊಗೆಯ ಪರಿಚಯ ನನಗೆ ಆದದ್ದು ಮನೆಯ ಯೆಜ್ಡಿಯಿಂದ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಆ ಟು-ಸ್ಟ್ರೋಕ್ ಬೈಕಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕಬೇಕಿತ್ತು. ಬೆಳಿಗ್ಗೆ ಕಿಕ್ ಹೊಡೆದಾಗ ಅಂಗಳ ತುಂಬ ನೀಲಿ ಹೊಗೆ ಹರಡಿದರೆ ಅದು ಆರೋಗ್ಯದ ಗುರುತೇ. ಹೊಗೆಯೇ ಇಲ್ಲವೆಂದರೆ ಆಯಿಲ್ ಹಾಕಲು ಮರೆತಿದ್ದಾರೆ ಎಂದು ಅಪ್ಪ ಗಾಬರಿಯಾಗುತ್ತಿದ್ದರು. ಹೊಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವ ಮೊದಲು ಅದು ಯಾವ ಇಂಜಿನ್ನಿನ ಹೊಗೆ ಎಂದು ಕೇಳುವ ಅಭ್ಯಾಸ ನನಗೆ ಅಲ್ಲಿಂದ ಬಂತು.

ಈಗ ನಿಮ್ಮ ಕೆಲಸಕ್ಕೆ ಬರೋಣ. ಇನ್ನೊಮ್ಮೆ ಹೋಗಿ, ಬೆಳಿಗ್ಗೆಯೇ ಹೋಗಿ. ರಾತ್ರಿಯಿಂದ ಇಂಜಿನ್ ಮುಟ್ಟಬಾರದೆಂದು ಮೊದಲೇ ಕೇಳಿಕೊಂಡಿರಿ. ಹೋದ ತಕ್ಷಣ ಮಾತಿಗೆ ಮುಂಚೆ ಕಾರಿನ ಹಿಂದಿನ ಮುಚ್ಚಳದ ಮೇಲೆ ಅಂಗೈ ಇಡಿ. ಈ ಕಾರಿನ ಇಂಜಿನ್ ಹಿಂದಿದೆ, ಮುಂದಿನ ಬಾನೆಟ್ ಮುಟ್ಟಿ ನೋಡಿದರೆ ಏನೂ ತಿಳಿಯದು. ಹೊಗೆ ಬರುವ ಕೊಳವೆಗಳನ್ನೂ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ನೋಡಬೇಕಾದದ್ದನ್ನು ಯಾರೋ ಆಗಲೇ ಸುಟ್ಟು ಮುಗಿಸಿದ್ದಾರೆ. ನಯವಾಗಿ ಇನ್ನೊಂದು ದಿನ ಕೇಳಿ.

ತಣ್ಣಗಿದೆಯೇ? ಹಾಗಾದರೆ ಸ್ಟಾರ್ಟ್ ಮಾಡುವ ಮೊದಲು ಬಿಳಿ ಬಟ್ಟೆಯೊಂದನ್ನು ಬೆರಳಿಗೆ ಸುತ್ತಿ ಎರಡೂ ಬದಿಯ ಕೊಳವೆಗಳ ಒಳಮೈ ಒರೆಸಿ. ಎರಡೂ ಕಡೆ ಒಣ ಮಸಿ ಬಂದರೆ ಸಮಾಧಾನ. ಒಂದು ಕಡೆ ಒಣ ಬೂದು, ಇನ್ನೊಂದು ಕಡೆ ಕಾಡಿಗೆಯಂತೆ ಜಿಡ್ಡಾದ ಕಪ್ಪು ಬಂದರೆ ಎಚ್ಚರವಾಗಿ. ಆ ಬದಿಯ ಸಿಲಿಂಡರ್ ಆಯಿಲ್ ಕುಡಿಯುತ್ತಿರಬಹುದು.

ಮಾರುವವರಿಗೆ ಕೀ ತಿರುಗಿಸಲು ಹೇಳಿ, ನೀವು ಹಿಂದೆ ನಿಲ್ಲಿ. ಆಕಾಶದ ಎದುರು ಹೊಗೆಯ ಬಣ್ಣ ತಿಳಿಯುವುದಿಲ್ಲ. ಕಪ್ಪು ಬಾಗಿಲೋ ಮರದ ನೆರಳೋ ಹಿನ್ನೆಲೆಯಲ್ಲಿರಲಿ. ಬೆಳ್ಳಗೆ ಎದ್ದು ಒಂದು ಮೊಳ ದೂರ ಹೋಗುವಷ್ಟರಲ್ಲಿ ಕರಗುವುದು ಬರೀ ಆವಿ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗಿನ ಹಾಗೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರಿನಷ್ಟು ನೀರು ಆವಿಯಾಗಿ ಹೊರಬರುತ್ತದೆ, ಜರ್ಮನಿಯ ಚಳಿಯಲ್ಲಿ ಅದು ಎದ್ದು ಕಾಣುತ್ತದೆ. ಬಿಳಿ ಹೊಗೆ ಕರಗದೆ ನಿಂತು, ಸಿಹಿ ವಾಸನೆ ಬಂದರೆ ಇಂಜಿನ್ ತಣಿಸುವ ಕೂಲೆಂಟ್ ಒಳಗೆ ಸೇರುತ್ತಿದೆ. ಕಪ್ಪಾದರೆ ಪೆಟ್ರೋಲ್ ಹೆಚ್ಚಾಗಿದೆ. ನೀಲಿ ಎಂದರೆ ಆಯಿಲ್. ಒಗ್ಗರಣೆಯ ಎಣ್ಣೆ ಸೀದಾಗಿನ ಘಾಟು ಮೂಗಿಗೆ ಹೊಡೆಯುತ್ತದೆ.

ನೀಲಿ ಹೊಗೆ ಅರ್ಧ ನಿಮಿಷದೊಳಗೆ ನಿಂತು ಮತ್ತೆ ಬಾರದಿದ್ದರೆ ಅದು ಮಲಗಿದ ಇಂಜಿನ್ನಿನ ಸಹಜ ಗುಣ. ನಿಲ್ಲದೆ, ಹಿಂದಿನ ರಸ್ತೆಯೇ ಮುಚ್ಚಿಹೋಗುವಂತೆ ಬಂದರೆ ಮೊದಲ ಅನುಮಾನ ಏರ್-ಆಯಿಲ್ ಸಪರೇಟರ್ ಮೇಲೆ. ಇಂಜಿನ್ನಿನ ಹೊಟ್ಟೆಯಲ್ಲಿ ಕಟ್ಟಿಕೊಳ್ಳುವ ಅನಿಲದಿಂದ ಆಯಿಲ್ ಹನಿಗಳನ್ನು ಬೇರ್ಪಡಿಸಿ ವಾಪಸು ಕಳಿಸುವ ಡಬ್ಬಿ ಅದು. ಅದರೊಳಗಿನ ತೆಳು ರಬ್ಬರ್ ಪೊರೆ ಹರಿದರೆ ಇಂಜಿನ್ ಗಾಳಿಯ ಜೊತೆ ಆಯಿಲನ್ನೂ ಹೀರುತ್ತದೆ. ಇಂಜಿನ್ ನಿಧಾನವಾಗಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಲು ನೋಡಿ. ಯಾರೋ ಒಳಗಿನಿಂದ ಜಗ್ಗಿ ಹಿಡಿದಂತೆ ಅದು ಬಿಗಿಯಾಗಿದ್ದರೆ ಪೊರೆ ಹೋಗಿದೆ. ಇಂಥ ಕಾರನ್ನು ಓಡಿಸಿ ನೋಡಬೇಡಿ, ಆಯಿಲ್ ಸಿಲಿಂಡರಿನಲ್ಲಿ ತುಂಬಿಕೊಂಡರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಬಹುದು. ಆದರೆ ಹೊತ್ತಿಗೆ ಸರಿಯಾಗಿ ಬದಲಿಸಿದರೆ ಇದು ಇಂಜಿನ್ ಬಿಚ್ಚುವ ರೋಗವಲ್ಲ, ಬೆಲೆ ಇಳಿಸಿ ಮಾತಾಡಬಹುದು.

ಇಂಜಿನ್ ಬಿಚ್ಚುವ ರೋಗ ಬೇರೆ ಇದೆ, ಅದಕ್ಕೆ ಹೊಗೆಯ ಹಂಗೂ ಇಲ್ಲ. 2004ರಿಂದ 2008ರ ವರೆಗಿನ ಈ ತಲೆಮಾರಿನ ಕರೇರಾ ಕಾರುಗಳಲ್ಲಿ ಸಿಲಿಂಡರ್ ಗೋಡೆ ಸಿಲಿಕಾನ್ ಕಣ ಬೆರೆತ ಅಲ್ಯೂಮಿನಿಯಂನದು. ಪಿಸ್ಟನ್ ಮೈಯ ಲೇಪನ ಸವೆದುಹೋದರೆ ಲೋಹಕ್ಕೆ ಲೋಹ ಉಜ್ಜಿ ಗೋಡೆಯುದ್ದಕ್ಕೂ ಗೀರು ಬೀಳುತ್ತವೆ. ನಾಲ್ಕು, ಐದು, ಆರನೆಯ ಸಿಲಿಂಡರ್‌ಗಳಿರುವ ಬದಿಯಲ್ಲಿ ಇದು ಹೆಚ್ಚು. ಜಿಡ್ಡು ಮಸಿಯ ಪರೀಕ್ಷೆ ಮಾಡಿಸಿದ್ದು ಇದಕ್ಕಾಗಿಯೇ. ಇನ್ನೊಂದು ಸುಳಿವು ಸದ್ದು: ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ನಿಂತಲ್ಲೇ ಓಡುವಾಗ ಒಂದು ಬದಿಯಿಂದ ಟಕ್ ಟಕ್ ಎಂದು ಕೇಳಿಸಿದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ಸರ್ವಿಸಿನಿಂದ ಇನ್ನೊಂದರವರೆಗೆ ಎಷ್ಟು ಆಯಿಲ್ ಸುರಿದಿದ್ದಾರೆ ಎಂದೂ ಕೇಳಿ. ಆ ಲೆಕ್ಕ ಇತ್ತೀಚೆಗೆ ಏರುತ್ತಿದ್ದರೆ ಅದು ಹೊಗೆಗಿಂತ ದೊಡ್ಡ ಸಾಕ್ಷಿ.

ಎರಡು ವರ್ಷಕ್ಕೊಮ್ಮೆಯ ಸರ್ಕಾರಿ ತಪಾಸಣೆಯ ಹೊಸ ಸ್ಟಿಕ್ಕರ್ ತೋರಿಸಿ "ಪಾಸಾಗಿದೆ ನೋಡಿ" ಎನ್ನಬಹುದು. ಅಲ್ಲಿ ಹೊಗೆ ಅಳೆಯುವುದು ಇಂಜಿನ್ ಬಿಸಿಯಾದ ಮೇಲೆ, ತಣ್ಣಗಿನ ಸ್ಟಾರ್ಟಿಗೂ ಗೋಡೆಯ ಗೀರಿಗೂ ಅದರಲ್ಲಿ ಉತ್ತರವಿಲ್ಲ. ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆಯೊಂದನ್ನೇ ನಂಬುವಂತೆಯೂ ಇಲ್ಲ. ಗೀರು ಬಿದ್ದ ಸಿಲಿಂಡರ್ ಕೂಡ ಒಳ್ಳೆಯ ಅಂಕಿ ತೋರಿಸುವುದುಂಟು, ಏಕೆಂದರೆ ಅದೇ ಆಯಿಲ್ ಸಂದು ಮುಚ್ಚಿಬಿಟ್ಟಿರುತ್ತದೆ.

ಉಳಿದದ್ದು ಕಣ್ಣಾರೆ ನೋಡುವುದೊಂದೇ. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿನಿಂದ ಬೋರೋಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಇಳಿಸಿ ಆರೂ ಸಿಲಿಂಡರ್‌ಗಳನ್ನು ತೋರಿಸಬಲ್ಲ ಪೋರ್ಷೆ ಪರಿಣತರು ನೀವಿರುವ ಊರಿನಲ್ಲಿ ಸಿಗುತ್ತಾರೆ. ಅದು ಆ ಕಾರಿನ ತವರು. ಆಯಿಲ್ ಸಂಪ್ ಬಿಚ್ಚಿ ಕೆಳಗಿನಿಂದಲೂ ನೋಡಿಸಿದರೆ ಇನ್ನೂ ಖಚಿತ. ಖರ್ಚು ನಿಮ್ಮದೇ ಇರಲಿ. ಇಂಜಿನ್ ಕಟ್ಟಿಸಲು ಹತ್ತು ಸಾವಿರ ಯೂರೋ ದಾಟುವಾಗ ಅದರ ಮುಂದೆ ಇದು ಏನೂ ಅಲ್ಲ. ಖಾಸಗಿಯವರಿಂದ ಕೊಂಡರೆ ಆಮೇಲೆ ಹೊಣೆ ಕೇಳಲು ಸಾಮಾನ್ಯವಾಗಿ ದಾರಿಯಿರುವುದಿಲ್ಲ, ಕರಾರಿನಲ್ಲೇ ಅದನ್ನು ಹೊರಗಿಟ್ಟಿರುತ್ತಾರೆ. ಕ್ಯಾಮೆರಾ ಇಳಿಸಲು ಮಾರುವವರು ಒಪ್ಪದಿದ್ದರೆ ಕಾರು ಎಷ್ಟೇ ಮನಸ್ಸಿಗೆ ಹಿಡಿಸಿದ್ದರೂ ಕೀ ಅವರ ಕೈಗೆ ಕೊಟ್ಟು ಬನ್ನಿ. ಒಪ್ಪಿ, ಗೋಡೆಗಳು ನಯವಾಗಿ ಕಂಡರೆ ಆ ವಿಡಿಯೋವನ್ನು ಚಿಕ್ಕಪ್ಪನಿಗೆ ಕಳಿಸಿ. ಬೋರ್ ನೋಡಿದರೆ ಅವರಿಗೆ ತಿಳಿಯುತ್ತದೆ.