‘ಮುಂದೆ ಅಪ್‌ಗ್ರೇಡ್ ಮಾಡ್ಕೋತೀನಿ’ ಎನ್ನುವ ಮುಂಚೆ ಸಾಕೆಟ್ ನೋಡಿ

ಕಡಿಮೆ ದುಡ್ಡಲ್ಲಿ ಗೇಮಿಂಗ್ ಕಂಪ್ಯೂಟರ್ ಅಸೆಂಬಲ್ ಮಾಡಿಸಲು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವ ಹುಡುಗರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: “ಸದ್ಯಕ್ಕೆ ಇಷ್ಟು ಸಾಕು, ಮುಂದೆ ಅಪ್‌ಗ್ರೇಡ್ ಮಾಡ್ಕೋತೀನಿ.” ಆ ‘ಮುಂದೆ’ ಬರುತ್ತದೋ ಇಲ್ಲವೋ ಎನ್ನುವುದು ಮದರ್‌ಬೋರ್ಡಿನ ನಡುವೆ ಪ್ರೊಸೆಸರ್ ಕೂರುವ ಸಾಕೆಟ್ ಮೇಲೆ ನಿಂತಿದೆ.

ತೊಂಬತ್ತರ ದಶಕದಲ್ಲಿ ಸಾಕೆಟ್ 7 ಎಂಬುದಿತ್ತು. ಅದರಲ್ಲಿ ಇಂಟೆಲ್‌ನ ಪೆಂಟಿಯಂ ಪ್ರೊಸೆಸರ್ ಕೂಡ ಕೂರುತ್ತಿತ್ತು, ಅದರ ಎದುರಾಳಿ ಕಂಪನಿ ಎಎಂಡಿಯ ಕೆ6 ಕೂಡ. 1997ರಲ್ಲಿ ಪೆಂಟಿಯಂ 2 ಬಂದಾಗ ಇಂಟೆಲ್ ತನ್ನದೇ ಸ್ಲಾಟ್ ಮಾಡಿಕೊಂಡಿತು. ಅಲ್ಲಿಂದ ಇಬ್ಬರ ದಾರಿ ಬೇರೆಯಾಯಿತು.

ಕೊಳ್ಳುವವರಿಗೆ ಹೆಚ್ಚು ಬೇಸರ ತಂದದ್ದು 2017ರ ಅಕ್ಟೋಬರ್. ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರ್‌ಗಳು ಬಂದವು. 2015ರಿಂದ ಇದ್ದ ಸಾಕೆಟ್‌ನ ಹೆಸರೇ ಇವಕ್ಕೂ ಇತ್ತು, ಪಿನ್‌ಗಳ ಲೆಕ್ಕವೂ ಅದೇ 1151. ಆದರೂ ಹಳೆಯ ಬೋರ್ಡಿನಲ್ಲಿ ಕೆಲಸ ಮಾಡಲಿಲ್ಲ. ಹೊಸ ಪ್ರೊಸೆಸರ್ ಬೇಕಾದರೆ ಬೋರ್ಡೂ ಹೊಸದೇ ಬೇಕು.

ಅದೇ ವರ್ಷ ಮಾರ್ಚ್‌ನಲ್ಲಿ ಎಎಂಡಿ ಎಎಂ4 ಸಾಕೆಟ್‌ನ ರೈಜೆನ್ ಪ್ರೊಸೆಸರ್‌ಗಳನ್ನು ತಂದಿತ್ತು. 2020ರವರೆಗೆ ಈ ಸಾಕೆಟ್ ಕೈಬಿಡುವುದಿಲ್ಲ ಎಂದು ಮಾತು ಕೊಟ್ಟಿತ್ತು. ಅದನ್ನು ನಂಬಿ ಎಷ್ಟೋ ಜನ ಆ ಸಾಕೆಟ್ ಇರುವ ಬಿ450 ಬೋರ್ಡ್ ಕೊಂಡರು. 2020ರ ಮೇನಲ್ಲಿ ಕಂಪನಿ ಉಲ್ಟಾ ಹೊಡೆಯಿತು: ಮುಂದಿನ ರೈಜೆನ್‌ಗಳು ಈ ಬೋರ್ಡ್‌ಗಳಲ್ಲಿ ನಡೆಯುವುದಿಲ್ಲವಂತೆ. ಬಯೋಸ್ (ಕಂಪ್ಯೂಟರ್ ಆನ್ ಮಾಡಿದಾಗ ಮೊದಲು ಓಡುವ, ಬೋರ್ಡಿನದೇ ಸಾಫ್ಟ್‌ವೇರ್) ಇರುವ ಚಿಪ್ ಬಹಳಷ್ಟು ಬೋರ್ಡ್‌ಗಳಲ್ಲಿ ಬರೀ 16 ಎಂಬಿ, ಅಷ್ಟೊಂದು ಪ್ರೊಸೆಸರ್‌ಗಳ ವಿವರ ಅದರಲ್ಲಿ ಹಿಡಿಸುವುದಿಲ್ಲ ಎಂಬುದು ಕಾರಣ. ಜನ ಸುಮ್ನೆ ಕೂರಲಿಲ್ಲ. ಕೆಲವೇ ದಿನಗಳಲ್ಲಿ ಎಎಂಡಿ ತೀರ್ಮಾನ ಬದಲಿಸಿತು. 2022ರಲ್ಲಿ 2017ರ ಎ320, ಬಿ350 ಬೋರ್ಡ್‌ಗಳಿಗೂ ಬಾಗಿಲು ತೆರೆಯಿತು. ಆ ಏಪ್ರಿಲ್‌ನಲ್ಲಿ ಬಂದ ರೈಜೆನ್ 5800ಎಕ್ಸ್3ಡಿ ಐದು ವರ್ಷ ಹಳೆಯ ಬೋರ್ಡಿನಲ್ಲೂ ಕೂರುವಂತಾಯಿತು. ಕಡಿಮೆ ಬಜೆಟ್‌ನವರ ಪಾಲಿಗೆ ಇದಕ್ಕಿಂತ ದೊಡ್ಡ ಗೆಲುವು ನನಗೆ ಗೊತ್ತಿಲ್ಲ.

ಹಳೇ ಪ್ರೊಸೆಸರ್ ತೆಗೆದು ಹೊಸದು ಹಾಕುವ ಕೆಲಸವನ್ನು ಮಾತ್ರ ನಿಧಾನವಾಗಿ ಮಾಡಬೇಕು. ಹಳೇ ಪ್ರೊಸೆಸರ್ ಇನ್ನೂ ಕೂತಿರುವಾಗಲೇ ಪೆನ್‌ಡ್ರೈವ್‌ನಿಂದ ಬಯೋಸ್ ಅಪ್‌ಡೇಟ್ ಮಾಡಿಕೊಳ್ಳಬೇಕು. ಆ ಹೊತ್ತಲ್ಲಿ ಕರೆಂಟ್ ಹೋದರೆ ಬೋರ್ಡೇ ಸತ್ತಂತೆ, ಹಾಗಾಗಿ ಯುಪಿಎಸ್ ಇರಲಿ. ಆಮೇಲೆ ಪ್ರೊಸೆಸರ್ ಮೇಲೆ ಕೂರುವ ಕೂಲರ್. ಅದರಡಿಯ, ಶಾಖ ದಾಟಿಸುವ ಪೇಸ್ಟ್ ಒಣಗಿ ಅಂಟಿಕೊಂಡಿರುತ್ತದೆ. ಸ್ವಲ್ಪ ಹೊತ್ತು ಗೇಮ್ ಆಡಿ ಬಿಸಿಯಾಗಲು ಬಿಡಿ. ಸಿಸ್ಟಂ ಆಫ್ ಮಾಡಿ, ಪ್ಲಗ್ ತೆಗೆದು, ಕೂಲರನ್ನು ಅತ್ತಿತ್ತ ಮೆಲ್ಲಗೆ ತಿರುಗಿಸಿ ಬಿಡಿಸಿ. ಒಮ್ಮೆಗೇ ಮೇಲಕ್ಕೆ ಎಳೆದರೆ ಪ್ರೊಸೆಸರೂ ಕಿತ್ತು ಬರುತ್ತದೆ. ಅದರ ಕೆಳಗಿರುವ 1331 ಸಣ್ಣ ಪಿನ್‌ಗಳಲ್ಲಿ ಒಂದೆರಡು ಬಾಗಿದರೂ ತಲೆನೋವು.

ಗ್ರಾಫಿಕ್ಸ್ ಕಾರ್ಡ್ ವಿಷಯದಲ್ಲೂ ಒಂದು ಗುಂಡಿ ಇದೆ. 2022ರ ಜನವರಿಯಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿ ಬರೀ 4 ಲೇನ್ (ಬೋರ್ಡಿಗೂ ಕಾರ್ಡಿಗೂ ನಡುವೆ ಡೇಟಾ ಓಡುವ ದಾರಿ) ಬಳಸುತ್ತದೆ. ಹೊಸ ಬೋರ್ಡಿನಲ್ಲಿ ಹೇಗೋ ನಡೆಯುತ್ತದೆ. ಬಿ450ಯಲ್ಲಿ ಕಾರ್ಡ್ ಕೂರುವ ಸ್ಲಾಟ್ ಪಿಸಿಐಇ 3.0, ಅಂದರೆ ಹಳೇ, ನಿಧಾನದ ತಲೆಮಾರಿನದು, ಅಲ್ಲಿ ಹಲವು ಗೇಮ್‌ಗಳಲ್ಲಿ ಮುಗ್ಗರಿಸುತ್ತದೆ. ಕಡಿಮೆ ದುಡ್ಡಿನವರಿಗೆಂದೇ ಬಂದ ಕಾರ್ಡು ಹಳೇ ಬೋರ್ಡಿನವರಿಗೇ ಜಾಸ್ತಿ ಹೊಡೆತ ಕೊಟ್ಟಿತು ನೋಡಿ.

ಕಂಪ್ಯೂಟರಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಎಸ್‌ಎಂಪಿಎಸ್‌ನಲ್ಲಿ ದುಡ್ಡು ಉಳಿಸಲು ಹೋಗಲೇಬೇಡಿ. ಸ್ಲಾಟ್‌ನಿಂದ ಕಾರ್ಡಿಗೆ ಸಿಗುವುದು 75 ವ್ಯಾಟ್. 8 ಪಿನ್‌ನ ಒಂದು ಕೇಬಲ್ ಇದ್ದರೆ ಇನ್ನೂ 150. ಕ್ಯಾಬಿನೆಟ್ ಜೊತೆ ಬರುವ ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ ಎಷ್ಟೋ ಸಲ ಆ ಕೇಬಲ್ಲೇ ಇರುವುದಿಲ್ಲ. ಒಳ್ಳೆಯ 650 ವ್ಯಾಟಿನದು ಎರಡು ಮೂರು ಕಾರ್ಡ್‌ಗಳ ಕಾಲ ನಿಲ್ಲುತ್ತದೆ.

ಎಎಂಡಿಯ ಈಗಿನ ಸಾಕೆಟ್ ಎಎಂ5 ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ. ಇದಕ್ಕೆ ಡಿಡಿಆರ್5 ಎಂಬ ಹೊಸ ಬಗೆಯ ರ್‍ಯಾಮೇ ಬೇಕು, ಹಳೇ ರ್‍ಯಾಮ್ ದಾಟಿಸಲು ಬರುವುದಿಲ್ಲ. 2027 ಮತ್ತು ಅದರಾಚೆಗೂ ಇದನ್ನು ನಡೆಸುತ್ತೇವೆ ಎಂದು ಎಎಂಡಿ 2024ರಲ್ಲಿ ಹೇಳಿದೆ. ಇಂಟೆಲ್ 2021ರ ಎಲ್‌ಜಿಎ 1700 ಸಾಕೆಟ್ ಬಿಟ್ಟು 2024ರಲ್ಲೇ 1851ಕ್ಕೆ ಹೋಯಿತು. ಹೊಸದಾಗಿ ಕೊಳ್ಳುವವರಿಗೆ ನಾನು ಹೇಳುವುದು ಎಎಂ5 ಇರುವ ಬಿ650 ಬೋರ್ಡ್, ಆರು ಕೋರ್‌ನ ಅಗ್ಗದ ರೈಜೆನ್, ಸದ್ಯಕ್ಕೊಂದು ಸಾಧಾರಣ ಕಾರ್ಡ್. ಈಗಾಗಲೇ ಬಿ450 ಇರುವವರು ಎಎಂ5ಗೆ ಹಾರುವ ಅಗತ್ಯವಿಲ್ಲ. ಅದೇ ಬೋರ್ಡು, ಅದೇ ರ್‍ಯಾಮ್ ಇಟ್ಟುಕೊಂಡು ರೈಜೆನ್ 5 5600 ಹಾಕಿಸಿ. ಉಳಿದ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ.