ವಾದ್ಯ ಕಲಿಸುವ ಪುಸ್ತಕ: ಬರೆದದ್ದು ಯಾರಿಗೆ?

1716ರಲ್ಲಿ ಫ್ರಾನ್ಸಿನ ಫ್ರಾಂಸ್ವಾ ಕೂಪರಾ ಹಾರ್ಪ್ಸಿಕಾರ್ಡ್ ನುಡಿಸುವುದು ಹೇಗೆ ಅಂತ ಒಂದು ಪುಸ್ತಕ ಅಚ್ಚು ಹಾಕಿಸಿದ. ಹಾರ್ಪ್ಸಿಕಾರ್ಡ್ ಅಂದರೆ ಪಿಯಾನೊಗಿಂತ ಮೊದಲು ಚಾಲ್ತಿಯಲ್ಲಿದ್ದ ಕೀಲಿಮಣೆ ವಾದ್ಯ. ಚಿಕ್ಕ ಮಕ್ಕಳಿಗೆ ಪಾಠ ಮುಗಿಸಿ ಹೊರಡುವಾಗ ವಾದ್ಯದ ಕೀಲಿಕೈಯನ್ನು ತಾನೇ ತೆಗೆದುಕೊಂಡು ಹೋಗುತ್ತೇನೆ ಎಂದು ಅದರಲ್ಲಿ ಬರೆದಿದ್ದಾನೆ. ಮುಕ್ಕಾಲು ಗಂಟೆ ಕಷ್ಟಪಟ್ಟು ಹೇಳಿಕೊಟ್ಟದ್ದನ್ನು ಅವರು ಒಂದೇ ಕ್ಷಣದಲ್ಲಿ ಕೆಡಿಸಿಬಿಡಬಾರದಲ್ಲ, ಅದಕ್ಕೆ!

ಮೇಷ್ಟ್ರು ಎದುರಿಗಿಲ್ಲದಾಗ ವಾದ್ಯ ಮುಟ್ಟಲೇಬೇಡಿ ಅನ್ನುವವನೇ ಪುಸ್ತಕವನ್ನೂ ಬರೆಯುತ್ತಾನೆ. ವಿಚಿತ್ರ ಅಲ್ವಾ? ಆದರೆ ಈ ಬಗೆಯ ಪುಸ್ತಕಗಳ ಐನೂರು ವರ್ಷದ ಚರಿತ್ರೆಯಲ್ಲಿ ಈ ಗೊಂದಲ ಮತ್ತೆ ಮತ್ತೆ ಎದುರಾಗುತ್ತದೆ. ಪುಸ್ತಕ ಯಾರಿಗೆ? ಒಬ್ಬನೇ ಕೂತು ಕಲಿಯುವವನಿಗೋ, ಕಲಿಸುವವನಿಗೋ?

ಯುರೋಪಿನಲ್ಲಿ ವಾದ್ಯಗಳ ಬಗ್ಗೆ ಅಚ್ಚಾದ ಮೊದಲ ಕೈಪಿಡಿ 1511ರದು. ಬಾಸೆಲ್‌ನಲ್ಲಿ ಹೊರಬಂದದ್ದು, ಬರೆದವನು ಸೆಬಾಸ್ಟಿಯನ್ ವಿರ್ದುಂಗ್ ಎಂಬ ಪಾದ್ರಿ. ಆಗ ಸಂಗೀತಶಾಸ್ತ್ರದ ಪುಸ್ತಕ ಅಂದರೆ ಲ್ಯಾಟಿನ್‌ನಲ್ಲಿ ಇರಬೇಕಿತ್ತು. ಇವನು ಜನ ಮಾತಾಡುವ ಜರ್ಮನ್‌ನಲ್ಲಿ ಬರೆದ. ಪುಸ್ತಕ ಸಂಭಾಷಣೆಯ ರೂಪದಲ್ಲಿದೆ, ಒಬ್ಬ ಕೇಳುತ್ತಾನೆ, ಇನ್ನೊಬ್ಬ ಹೇಳುತ್ತಾನೆ. ಮೇಷ್ಟ್ರಿಲ್ಲದ ಓದುಗನಿಗೆ ಕಾಗದದ ಮೇಲೇ ಒಬ್ಬ ಮೇಷ್ಟ್ರನ್ನು ಕೂರಿಸುವ ಉಪಾಯ ಇದು. 1535ರಲ್ಲಿ ವೆನಿಸ್‌ನ ಗನಾಸ್ಸಿ ರೆಕಾರ್ಡರ್ ಎಂಬ ಕೊಳಲಿನ ಬಗ್ಗೆ ಪುಸ್ತಕ ಬರೆದ. ಊದುವವನು ಮನುಷ್ಯನ ದನಿಯನ್ನೇ ಅನುಕರಿಸಬೇಕು ಅನ್ನುವುದು ಅವನ ಪಟ್ಟು. ಬೆರಳು ಎಲ್ಲಿಡಬೇಕು ಅಂತ ಚಿತ್ರ ಬರೆದು ತೋರಿಸಬಹುದು. ದನಿಯನ್ನು ಚಿತ್ರದಲ್ಲಿ ಹೇಗೆ ತೋರಿಸುತ್ತೀರಿ?

ಈ ಚರಿತ್ರೆಯಲ್ಲಿ ನನಗೆ ತುಂಬ ಇಷ್ಟವಾದ ಕಾಲ ಹದಿನೆಂಟನೇ ಶತಮಾನದ ನಡುಭಾಗ. ಬರೀ ಐದು ವರ್ಷದೊಳಗೆ ಮೂರು ದೊಡ್ಡ ಪುಸ್ತಕಗಳು ಬಂದವು. 1752ರಲ್ಲಿ ಕೊಳಲಿಗೆ ಕ್ವಾಂಟ್ಸ್‌ನದು, 1753ರಲ್ಲಿ ಕೀಲಿಮಣೆ ವಾದ್ಯಗಳಿಗೆ ಸಿ.ಪಿ.ಇ. ಬಾಕ್‌ನದು, 1756ರಲ್ಲಿ ಪಿಟೀಲಿಗೆ ಲಿಯೊಪೋಲ್ಡ್ ಮೊಜಾರ್ಟ್‌ನದು. ಕ್ವಾಂಟ್ಸ್ ಪ್ರಷ್ಯದ ದೊರೆ ಫ್ರೆಡರಿಕ್‌ಗೆ ಕೊಳಲು ಕಲಿಸುತ್ತಿದ್ದವನು. ಅವನ ಪುಸ್ತಕದಲ್ಲಿ 18 ಅಧ್ಯಾಯಗಳಿವೆ, ಆದರೆ ಕೊಳಲು ಹಿಡಿಯುವ, ಊದುವ ವಿಚಾರ ಸ್ವಲ್ಪವೇ. ಉಳಿದದ್ದೆಲ್ಲ ಅಭಿರುಚಿಯ ಮಾತು: ನಿಧಾನ ಗತಿಯ ರಚನೆಯನ್ನು ಹೇಗೆ ನುಡಿಸಬೇಕು, ಜೊತೆಗೆ ನುಡಿಸುವವರು ಹೇಗಿರಬೇಕು, ಬೇರೆಯವರ ಸಂಗೀತವನ್ನು ಹೇಗೆ ತೂಗಿ ನೋಡಬೇಕು.

ಲಿಯೊಪೋಲ್ಡ್ ನೇರ ಮಾತಿನ ಮನುಷ್ಯ. ಕೆಲವು ಮೇಷ್ಟ್ರುಗಳು ಪಿಟೀಲಿನಲ್ಲಿ ಬೆರಳಿಡುವ ಜಾಗಗಳ ಮೇಲೆ ಸ್ವರದ ಹೆಸರು ಬರೆದ ಚೀಟಿ ಅಂಟಿಸುತ್ತಿದ್ದರು. ಅದನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಹುಡುಗನಿಗೆ ಒಳ್ಳೆಯ ಕಿವಿ ಇದ್ದರೆ ಚೀಟಿ ಬೇಕಿಲ್ಲ. ಕಿವಿಯೇ ಇಲ್ಲದಿದ್ದರೆ ಅವನು ಪಿಟೀಲು ಬಿಟ್ಟು ಕೊಡಲಿ ಹಿಡಿಯುವುದು ವಾಸಿ ಎನ್ನುತ್ತಾನೆ. ಮಕ್ಕಳಿಗೆ ಓದಿ ಹೇಳುವ ಮಾತಲ್ಲ ಇದು. ಅವನ ಕಣ್ಣಿದ್ದದ್ದು ಮೇಷ್ಟ್ರುಗಳ ಮೇಲೆ. ಕೆಟ್ಟ ಪಾಠದಿಂದ ಕೆಟ್ಟ ಕೈಗಳನ್ನು ಸರಿಪಡಿಸಿ ಸಾಕಾಗಿದ್ದವನ ಸಿಟ್ಟು ಆ ಪುಸ್ತಕದ ಉದ್ದಕ್ಕೂ ಕಾಣುತ್ತದೆ.

ಪುಸ್ತಕವೂ ಮೇಷ್ಟ್ರೂ ಜೊತೆಯಾಗಿ ಹೇಗೆ ಕೆಲಸ ಮಾಡುತ್ತಿದ್ದರು ಅನ್ನುವುದಕ್ಕೆ ಪಿಯಾನೊ ವಾದಕ ಕಾರ್ಲ್ ಚೆರ್ನಿ ಒಳ್ಳೆಯ ಉದಾಹರಣೆ. ಹುಡುಗನಾಗಿದ್ದ ಅವನನ್ನು ಬೇಥೋವನ್ ಶಿಷ್ಯನಾಗಿ ಒಪ್ಪಿಕೊಂಡಾಗ ಹುಡುಗನ ಅಪ್ಪನಿಗೆ ಹೀಗೆ ಹೇಳಿದ: ಸಿ.ಪಿ.ಇ. ಬಾಕ್‌ನ ಪುಸ್ತಕ ಕೊಂಡು ಕೊಡಿ, ಮುಂದಿನ ಪಾಠಕ್ಕೆ ಬರುವಾಗ ತರಲಿ.

ಅದೇ ಚೆರ್ನಿ ದೊಡ್ಡವನಾಗಿ ರಾಶಿ ರಾಶಿ ಅಭ್ಯಾಸಗಳನ್ನು ಬರೆದ. ಅಷ್ಟು ಹೊತ್ತಿಗೆ ಕಾಲ ಬದಲಾಗಿತ್ತು. 1795ರಲ್ಲಿ ಪ್ಯಾರಿಸ್ ಕನ್ಸರ್ವೇಟರಿ ಎಂಬ ಸಂಗೀತ ಶಾಲೆ ಶುರುವಾಯಿತು. ಒಂದೇ ಸಂಸ್ಥೆಯಲ್ಲಿ ಹತ್ತಾರು ಮೇಷ್ಟ್ರುಗಳು ಕಲಿಸುವಾಗ ಎಲ್ಲರಿಗೂ ಒಂದೇ ಪಠ್ಯ ಬೇಕಾಗುತ್ತದೆ. ಅಲ್ಲಿನ ಮೇಷ್ಟ್ರುಗಳಾದ ಬೈಯೊ, ರೋಡ್, ಕ್ರೂಟ್ಸರ್ ಮೂವರೂ ಸೇರಿ ಪಿಟೀಲಿನ ಅಧಿಕೃತ ಪಠ್ಯ ತಯಾರಿಸಿದರು. ಇತ್ತ ಮಧ್ಯಮ ವರ್ಗದ ಮನೆಗಳಿಗೆ ಪಿಯಾನೊ ಬಂತು. ಕಲಿಯುವವರು ಜಾಸ್ತಿಯಾದರು, ಒಳ್ಳೆಯ ಮೇಷ್ಟ್ರುಗಳು ಅಷ್ಟು ಸಂಖ್ಯೆಯಲ್ಲಿ ಎಲ್ಲಿ ಸಿಗಬೇಕು? ಅಭ್ಯಾಸದ ಪುಸ್ತಕಗಳು ಆ ಖಾಲಿ ಜಾಗ ತುಂಬಿದವು. 1814ರಲ್ಲಿ ಲೋಗಿಯರ್ ಎಂಬಾತ ಕೈಗಳು ಅಲುಗದಂತೆ ಹಿಡಿದಿಡುವ ಚೌಕಟ್ಟೊಂದಕ್ಕೆ ಪೇಟೆಂಟ್ ಪಡೆದು, ಅದಕ್ಕೆ ಹೊಂದುವ ಪಾಠದ ಪುಸ್ತಕವನ್ನೂ ಹೊರತಂದ.

ಈ ದಾರಿ ಬಂದು ನಿಂತದ್ದು 1873ರ ಆಸುಪಾಸಿನಲ್ಲಿ, ಫ್ರಾನ್ಸಿನ ಪಿಯಾನೊ ಮೇಷ್ಟ್ರು ಆನೋನನ ಪುಸ್ತಕದಲ್ಲಿ. ಅದರಲ್ಲಿ 60 ಅಭ್ಯಾಸಗಳಿವೆ. ಕರಗತವಾದ ಮೇಲೆ ಎಲ್ಲವನ್ನೂ ಒಂದು ಗಂಟೆಯಲ್ಲಿ ನುಡಿಸಿ ಮುಗಿಸಬಹುದು ಎಂದು ಅವನೇ ಭರವಸೆ ಕೊಡುತ್ತಾನೆ. ಮೊದಲ ಅಭ್ಯಾಸಗಳಲ್ಲಿ ಒಂದೇ ವಿನ್ಯಾಸ ಒಂದೊಂದು ಸ್ವರ ಮೇಲೇರುತ್ತಾ ಹೋಗುತ್ತದೆ, ಆಮೇಲೆ ಹಾಗೇ ಇಳಿದು ಬರುತ್ತದೆ. ಬೆರಳಿಗೆ ಬಲ ಬರುತ್ತದೆ, ನಿಜ. ಆದರೆ ಕ್ವಾಂಟ್ಸ್ ಹೇಳುತ್ತಿದ್ದ ಅಭಿರುಚಿಯ ಮಾತು ಇಲ್ಲಿ ಪೂರ್ತಿ ಕಾಣೆ. ಜೊತೆಗೆ, ಮಣಿಕಟ್ಟು ಬಿಗಿ ಹಿಡಿದು ನುಡಿಸುವವನು ಇದರಿಂದ ಕಲಿಯುವುದು ಇನ್ನಷ್ಟು ಬಿಗಿ ಹಿಡಿಯುವುದನ್ನೇ. ಅದನ್ನು ನೋಡಿ ತಿದ್ದಲು ಪಕ್ಕದಲ್ಲಿ ಯಾರಾದರೂ ಇರಬೇಕು.

ನಮ್ಮ ಕರ್ನಾಟಕ ಸಂಗೀತದಲ್ಲಿ ತೊಡಕು ಬೇರೆ ಥರದ್ದು. ಸರಳೆ ವರಸೆ, ಜಂಟಿ ವರಸೆ, ಅಲಂಕಾರ ಎಂಬ ಮೊದಲ ಪಾಠಗಳನ್ನು ಬರೆದಿಡುವುದು ಸುಲಭ. ಸ್ವರವನ್ನು ಅಲುಗಿಸುವ, ಜಾರಿಸುವ ಗಮಕ ಬಂದ ಕೂಡಲೇ ಕಾಗದ ಸೋಲುತ್ತದೆ. 1609ರಲ್ಲೇ ಸೋಮನಾಥ ತನ್ನ ರಾಗವಿಬೋಧದಲ್ಲಿ ವೀಣೆಯ ಮೀಟು, ಎಳೆತಗಳಿಗೆ ಚಿಹ್ನೆಗಳನ್ನು ಕೊಟ್ಟಿದ್ದ. 1904ರಲ್ಲಿ ಎಟ್ಟಯಪುರದಿಂದ ತೆಲುಗಿನಲ್ಲಿ ಹೊರಬಂದ ಸುಬ್ಬರಾಮ ದೀಕ್ಷಿತರ ಸಂಗೀತ ಸಂಪ್ರದಾಯ ಪ್ರದರ್ಶಿನಿ ಈ ಕೆಲಸವನ್ನು ತುಂಬ ದೂರ ಕೊಂಡೊಯ್ಯಿತು. ಕಂಪಿತ, ಸ್ಫುರಿತ, ನೊಕ್ಕು, ಜಾರು ಹೀಗೆ ಪ್ರತಿಯೊಂದಕ್ಕೂ ಒಂದು ಗುರುತು. ವೀಣೆಯ ಮೇಲೆ ಬೆರಳು ಏನು ಮಾಡಬೇಕು ಎಂದೂ ವಿವರಣೆ. ಆದರೂ ಕಂಪಿತದ ಅಲೆಗೆರೆ ನೋಡಿದ ಮಾತ್ರಕ್ಕೆ ತೋಡಿ ರಾಗದ ಗಾಂಧಾರ ಸ್ವರ ಬರುವುದಿಲ್ಲ. ಅದನ್ನು ಕೇಳಿ ಗೊತ್ತಿದ್ದವರಿಗೆ ಮಾತ್ರ ಆ ಗೆರೆ ಮಾತಾಡುತ್ತದೆ. ಹಾಗಾಗಿ ಅದು ಹೊಸಬರ ಪುಸ್ತಕವಲ್ಲ, ಬಲ್ಲವರ ಪುಸ್ತಕ.

ಇಪ್ಪತ್ತನೇ ಶತಮಾನದಲ್ಲಿ ಗಾಳಿ ಮತ್ತೆ ಕಿವಿಯ ಕಡೆ ತಿರುಗಿತು. ಹಂಗೆರಿಯ ಸಂಗೀತ ರಚನಕಾರ ಬಾರ್ಟೋಕ್ ಬರೆದ ಪಿಯಾನೊ ಪಾಠಮಾಲೆಯಲ್ಲಿ 153 ಪುಟ್ಟ ರಚನೆಗಳಿವೆ. ತೀರಾ ಮೊದಲಿನವೂ ಒಣ ಕಸರತ್ತುಗಳಲ್ಲ, ಸಂಗೀತವೇ. ಜಪಾನಿನ ಶಿನಿಚಿ ಸುಜುಕಿ ಇನ್ನೂ ಮುಂದೆ ಹೋದರು. ಮಕ್ಕಳು ಮಾತು ಕಲಿಯುವುದು ಓದಿ ಅಲ್ಲ, ಕೇಳಿ. ಪಿಟೀಲೂ ಹಾಗೇ ಬರಲಿ ಅನ್ನುವುದು ಅವರ ವಾದ. ಮಗು ಮೊದಲು ಧ್ವನಿಮುದ್ರಣ ಕೇಳಬೇಕು, ಅಪ್ಪನೋ ಅಮ್ಮನೋ ಪಾಠಕ್ಕೆ ಜೊತೆಗೆ ಬರಬೇಕು, ಸ್ವರಲಿಪಿ ಓದುವುದು ಆಮೇಲೆ. ಅವರ ಪುಸ್ತಕಗಳಲ್ಲಿ ವಿವರಣೆ ಕಡಿಮೆ. ವಿವರಣೆ ಇರಬೇಕಾದದ್ದು ಮೇಷ್ಟ್ರ ತಲೆಯಲ್ಲಿ, ಅದಕ್ಕೇ ಮೇಷ್ಟ್ರುಗಳಿಗೂ ತರಬೇತಿ.

ಈಗ ಬರುವ ಹಲವು ಪಾಠಮಾಲೆಗಳು ಈ ಕೆಲಸವನ್ನು ಎರಡಾಗಿ ಹಂಚಿಕೊಂಡಿವೆ. ಮಕ್ಕಳ ಪುಸ್ತಕದಲ್ಲಿ ದೊಡ್ಡ ಸ್ವರ, ಬಣ್ಣದ ಚಿತ್ರ, ಜೊತೆಗೆ ಕೇಳಲು ಆಡಿಯೊ. ಶಿಕ್ಷಕರ ಕೈಪಿಡಿ ಬೇರೆ: ಯಾವ ಪಾಠದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಆಗ ಏನು ಹೇಳಬೇಕು ಅನ್ನುವುದು ಅದರಲ್ಲಿ. ಮೇಷ್ಟ್ರಿಲ್ಲದೆ ಮನೆಯಲ್ಲೇ ಕಲಿಯಲು ಹೊರಟ ದೊಡ್ಡವರು ಸಾಮಾನ್ಯವಾಗಿ ಮೊದಲನೆಯದನ್ನಷ್ಟೇ ಕೊಳ್ಳುತ್ತಾರೆ. ಅವರಿಗೆ ಜಾಸ್ತಿ ಉಪಯೋಗ ಆಗುವುದು ಎರಡನೆಯದು.